ಹನ್ನೆರಡನೆಯ ಚಂದ್ರ

ನನ್ನ ಸೋದರಮಾವನಿಗೆ ನಮ್ಮ ಬೀದಿಯವರು ಇಟ್ಟಿದ್ದ ಹೆಸರು ‘ಅಲ್ಲಾಡಬೇಡಿ’. ಫೋಟೋ ಸ್ಟುಡಿಯೋ ನಡೆಸುವವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು ಅದು. ‘ಅಲ್ಲಾಡಬೇಡಿ ಇದ್ದಾರಾ?’ ಎಂದೇ ಜನ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ತಮಾಷೆಯೆಂದರೆ, ಆ ಮನುಷ್ಯನಿಗೆ ತಾನು ಮಾತ್ರ ಒಂದು ಕ್ಷಣ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ. ಯಾರಾದರೂ ಅವರ ಫೋಟೋ ತೆಗೆಯಲು ಹೋದರೆ ಬೆಳಕು ಸರಿಯಿಲ್ಲ, ಕ್ಯಾಮೆರಾ ವಾಲಿದೆ ಎನ್ನುತ್ತ ಎದ್ದು ಬಂದುಬಿಡುತ್ತಿದ್ದರು. ಮನೆಯ ಆಲ್ಬಮ್ಮಿನಲ್ಲಿ ಅವರಿರುವ ಜಾಗದಲ್ಲೆಲ್ಲ ಒಂದು ಕಲಸಿದ ನೆರಳು ಅಷ್ಟೇ. ಮದುವೆ ಫೋಟೋದಲ್ಲೂ ಹಾಗೇ. ‘ನಾನು ಮದುವೆಯಾದದ್ದು ಯಾರನ್ನ ಅಂತ ಸಾಕ್ಷಿನೇ ಇಲ್ಲ ಕಣೇ’ ಎಂದು ಅತ್ತೆ ನನಗೆ ಹೇಳಿ ನಗುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ನಾನು ಮಾವನ ಜೊತೆ ಕೆಲಸಕ್ಕೆ ಸೇರಿದೆ. ಕತ್ತಲೆ ಕೋಣೆ, ದ್ರಾವಣದ ತಟ್ಟೆಗಳು, ಒಣಗಲು ನೇತುಹಾಕಿದ ಫಿಲ್ಮಿನ ಪಟ್ಟಿಗಳು, ಇವೇ ನನ್ನ ಲೋಕ. ಮಾವ ಒಳ್ಳೆಯವರು, ಆದರೆ ಒಂದು ಹುಚ್ಚಿತ್ತು. ನಮ್ಮ ತಾರಸಿಯಿಂದ ಇಡೀ ಊರು ಕಾಣುತ್ತಿತ್ತು. ಗಿರಣಿಯ ಚಿಮಣಿ, ನೀರಿನ ಟ್ಯಾಂಕು, ಎತ್ತರದ ಕಟ್ಟಡಗಳ ಸಾಲು. ಅದರ ಮೇಲೆ ಪೂರ್ಣಚಂದ್ರ ನಿಂತ ಒಂದು ಫೋಟೋ ಬೇಕು, ಚಂದ್ರನ ಮೇಲಿನ ಕಲೆಯೂ ಕಾಣಬೇಕು, ಕೆಳಗಿನ ಕಿಟಕಿಗಳೂ ಕಾಣಬೇಕು.

ಹೇಳುವುದು ಸುಲಭ. ಚಂದ್ರನಿಗೆ ಬೆಳಕು ಹೊಂದಿಸಿದರೆ ಊರು ಮಸಿ. ಊರಿಗೆ ಹೊಂದಿಸಿದರೆ ಚಂದ್ರ ಬರೀ ಸುಣ್ಣದ ಬೊಟ್ಟು. ಅದಕ್ಕೆ ಮಾವ ಒಂದು ಉಪಾಯ ಹೂಡಿದ್ದರು. ಹನ್ನೆರಡು ಫ್ರೇಮಿನ ಚಿಕ್ಕ ರೋಲು ತುಂಬಿಕೊಂಡು, ಹುಣ್ಣಿಮೆಯ ರಾತ್ರಿ ದೊಡ್ಡ ಲೆನ್ಸಿನಲ್ಲಿ ಹನ್ನೆರಡೂ ಫ್ರೇಮಿಗೆ ಬರೀ ಚಂದ್ರನನ್ನು ತೆಗೆಯುವುದು, ಒಂದರಲ್ಲಿ ಎಡಕ್ಕೆ, ಒಂದರಲ್ಲಿ ಬಲಕ್ಕೆ, ಒಂದರಲ್ಲಿ ಮೇಲೆ. ಆಮೇಲೆ ರೋಲು ಹಿಂದಕ್ಕೆ ಸುತ್ತಿ, ಅದೇ ಫಿಲ್ಮಿನ ಮೇಲೆ ಇನ್ನೊಂದು ದಿನ ಮುಸ್ಸಂಜೆಯ ಊರನ್ನು ತೆಗೆಯುವುದು. ಹನ್ನೊಂದು ವರ್ಷ ಹೀಗೆ ಮಾಡಿದರು. ಒಮ್ಮೆ ಚಂದ್ರ ಟ್ಯಾಂಕಿನ ಹೊಟ್ಟೆಯೊಳಗೆ ಕೂತ. ಇನ್ನೊಮ್ಮೆ ಚಿಮಣಿ ಅವನನ್ನು ಸೀಳಿಕೊಂಡು ಹೋಯಿತು. ‘ಬರುತ್ತೆ ಬಿಡು’ ಎನ್ನುತ್ತಿದ್ದರು ಮಾವ.

ಈಗ ನನ್ನ ತಪ್ಪಿನ ವಿಷಯ. ಹೊಸ ರೋಲಿನ ಬಾಯಿಂದ ಫಿಲ್ಮಿನ ತುದಿ ಹೊರಗೆ ಇಣುಕುತ್ತಿರುತ್ತದೆ. ನಾವು ಅದನ್ನು ನಾಲಿಗೆ ಎನ್ನುತ್ತಿದ್ದೆವು. ನಾಲಿಗೆ ಹೊರಗಿದ್ದರೆ ಹೊಸದು, ಒಳಗೆ ಹೋಗಿದ್ದರೆ ಮುಗಿದದ್ದು. ಮಾವನ ಚಂದ್ರನ ರೋಲಿಗೆ ಮಾತ್ರ, ಮತ್ತೆ ಹಾಕಬೇಕಲ್ಲ, ನಾಲಿಗೆ ಹೊರಗೇ. ಗುರುತಿಗೆ ಅದರ ಮೇಲೆ ಕೆಂಪು ಕಾಗದ ಅಂಟಿಸುತ್ತಿದ್ದರು. ಆ ಸಲ ಅಂಟಿಸಿರಲಿಲ್ಲ.

ಒಂದು ಸಂಜೆ ಗಡಿಯಾರ ರಿಪೇರಿಯ ಅಜ್ಜನನ್ನು ಅವರ ಮಗಳು ಕರೆದುಕೊಂಡು ಬಂದಳು. ಅಜ್ಜನಿಗೆ ಮರುದಿನ ಆಪರೇಷನ್. ಹುಟ್ಟಿದಾಗಿನಿಂದ ಒಂದೂ ಫೋಟೋ ತೆಗೆಸಿಕೊಂಡವರಲ್ಲ. ಕಪ್ಪು ಕೋಟು ಹಾಕಿಕೊಂಡು ಬಂದಿದ್ದರು.

‘ಇವಳ ಕಾಟ ತಡೆಯೋಕಾಗಲ್ಲಮ್ಮ, ಬೇಗ ಮುಗಿಸು’ ಎಂದರು ಅಜ್ಜ.

ಮಾವ ಶಾಲೆಯೊಂದರ ಗ್ರೂಪ್ ಫೋಟೋಕ್ಕೆ ಹೋಗಿದ್ದರು. ಹೊಸ ರೋಲುಗಳ ಡಬ್ಬಿ ಖಾಲಿ. ಮಾವನ ಖಾನೆಯಲ್ಲಿ ಒಂದು ಸಿಕ್ಕಿತು, ನಾಲಿಗೆ ಹೊರಗಿತ್ತು, ಹಾಕಿದೆ. ಕಪ್ಪು ಪರದೆಯ ಮುಂದೆ ಕೂರಿಸಿ ಹನ್ನೊಂದು ತೆಗೆದೆ. ಮುಸ್ಸಂಜೆಗೆ ಮಾವ ಬಂದು ಎಂದಿನಂತೆ ತಾರಸಿ ಹತ್ತಿದರು. ಉಳಿದ ಒಂದು ಫ್ರೇಮ್ ಯಾಕೆ ದಂಡ ಮಾಡಬೇಕೆಂದು ನಾನೂ ಕ್ಯಾಮೆರಾ, ಸ್ಟ್ಯಾಂಡು ಹಿಡಿದು ಹತ್ತಿದೆ. ಮಾವ ಗೋಡೆಗೆ ಕೈಯೂರಿ, ನನಗೆ ಮುಖದ ಒಂದು ಪಕ್ಕ ಕಾಣುವಂತೆ, ಊರಿನ ಕಡೆ ನೋಡುತ್ತ ನಿಂತಿದ್ದರು. ‘ಮಾವ, ಅಲ್ಲಾಡಬೇಡಿ’ ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಕ್ಲಿಕ್ಕಿಸಿದೆ.

ಮೂರನೆಯ ದಿನ ಅಜ್ಜ ಆಸ್ಪತ್ರೆಯಲ್ಲೇ ತೀರಿಕೊಂಡರು. ಮಗಳು ಬಂದು ಬಾಗಿಲಲ್ಲಿ ನಿಂತಳು. ‘ಫೋಟೋ ಆಗಿದೆಯಾ?’ ಎಂದಷ್ಟೇ ಕೇಳಿದಳು. ‘ನಾಳೆ ಕೊಡ್ತೀನಮ್ಮ’ ಎಂದರು ಮಾವ.

ಫಿಲ್ಮ್ ತೊಳೆದು ಬೆಳಕಿಗೆ ಹಿಡಿದೆ. ಪ್ರತಿ ಫ್ರೇಮಿನಲ್ಲೂ ಒಂದು ದುಂಡನೆಯ ಕಪ್ಪು ಚುಕ್ಕೆ. ನೆಗೆಟಿವಿನಲ್ಲಿ ಕಪ್ಪಾದದ್ದು ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ. ಒಂದರಲ್ಲಿ ಅಜ್ಜನ ಕಣ್ಣಿನ ಮೇಲೆ ಚಂದ್ರ, ಒಂದರಲ್ಲಿ ಬಾಯಿಯ ಮೇಲೆ, ಒಂದರಲ್ಲಿ ಹಣೆಯ ನಟ್ಟನಡುವೆ. ಅಯ್ಯೋ ದೇವರೇ, ಇನ್ನೊಂದು ಸಲ ಕೂರಿಸಿ ತೆಗೆಯೋಣವೆಂದರೆ ಅಜ್ಜ ಎಲ್ಲಿದ್ದಾರೆ!

‘ಫಿಲ್ಮೇ ಕೆಟ್ಟಿತ್ತು ಅಂತ ಹೇಳಿಬಿಡೋಣ ಮಾವ’ ಎಂದೆ. ಅಷ್ಟು ಹೇಡಿ ನಾನು.

‘ನಾಲಿಗೆ ಹೊರಗೆ ಬಿಟ್ಟವನು ನಾನು. ಕೆಂಪು ಕಾಗದ ಅಂಟಿಸದೆ ಇದ್ದವನೂ ನಾನೇ. ನೀನು ಸುಮ್ಮನಿರು’ ಎಂದರು.

ಹನ್ನೊಂದರ ಪೈಕಿ ಒಂದರಲ್ಲಿ ಮಾತ್ರ ಮುಖ ಪೂರ್ತಿ ಉಳಿದಿತ್ತು. ಚಂದ್ರ ಕೆಳಗೆ ಜಾರಿ ಕೋಟಿನ ಜೇಬಿನ ಮೇಲೆ ಬಿದ್ದಿದ್ದ. ಅದನ್ನು ಬ್ರಷ್ಷಿನಿಂದ ಕಪ್ಪು ಮಾಡಿ ಮುಚ್ಚಬಹುದಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಮಾವ ಎದ್ದು ಅಜ್ಜನ ಮನೆಗೆ ಹೋಗಿ, ಫೋಟೋಕ್ಕೆ ಇನ್ನೆರಡು ದಿನ ಬೇಕೆಂದು ಹೇಳಿ, ಅಷ್ಟರ ಮಟ್ಟಿಗೆ ಕೋಟು ಕೇಳಿ ತಂದರು. ಆ ಜೇಬು ಹಿಂದೊಮ್ಮೆ ಕಿತ್ತುಬಂದು ಯಾರೋ ಹೊಲಿದಿದ್ದರು, ಹೊಲಿಗೆ ಸೊಟ್ಟಗಿತ್ತು. ಕೋಟು ನನಗೆ ತೊಡಿಸಿ ಅದೇ ಕುರ್ಚಿಯಲ್ಲಿ ಕೂರಿಸಿದರು. ಸತ್ತವರ ಕೋಟಿನೊಳಗೆ, ಗಡಿಯಾರದ ಎಣ್ಣೆಯ ವಾಸನೆಯೊಳಗೆ, ನಾನು ಎರಡು ದಿನ ಉಸಿರು ಬಿಗಿಹಿಡಿದು ಕೂತೆ. ಮಾವ ಕೋಟು ನೋಡಿಕೊಂಡು, ನಾಲ್ಕು ಕೂದಲಿನ ಬ್ರಷ್ಷಿನಲ್ಲಿ ಪ್ರಿಂಟಿನ ಮೇಲೆ ಒಂದೊಂದೇ ಹೊಲಿಗೆ ಬರೆದರು. ಆ ಎರಡು ದಿನ ಅವರು ತಮ್ಮ ಕುರ್ಚಿ ಬಿಟ್ಟು ಏಳಲೇ ಇಲ್ಲ.

ಮಗಳಿಗೆ ಫೋಟೋ ಕೊಡುವಾಗ ಮಾವ ನಡೆದದ್ದೆಲ್ಲ ಹೇಳಿದರು. ‘ಈ ಜೇಬು ಫೋಟೋ ಅಲ್ಲಮ್ಮ, ನಾನು ಬರೆದದ್ದು. ನನ್ನ ಹುಚ್ಚಿನಿಂದ ಹೀಗಾಯ್ತು. ಕ್ಷಮಿಸು.’

ಆಕೆ ಕಿರುಚಾಡುತ್ತಾಳೆಂದುಕೊಂಡಿದ್ದೆ. ಜೇಬಿನ ಮೇಲೆ ಬೆರಳಾಡಿಸಿದಳು. ‘ಈ ಹೊಲಿಗೆ ನಾನು ಹಾಕಿದ್ದು. ಸೊಟ್ಟಗೆ ಹಾಕಿದೀಯ ಅಂತ ಅಪ್ಪ ಬೈದಿದ್ರು. ಸೊಟ್ಟನೂ ಬಿಟ್ಟಿಲ್ಲ ನೀವು’ ಎಂದವಳು ಅಲ್ಲೇ ಕುಸಿದು ಕೂತು ಅತ್ತಳು. ಮಾವ ಗೋಡೆಯ ಕಡೆ ತಿರುಗಿ ನಿಂತರು.

ಆ ರಾತ್ರಿ ನಾನು ಹನ್ನೆರಡನೆಯ ಫ್ರೇಮನ್ನು ಮೊದಲ ಸಲ ಗಮನವಿಟ್ಟು ನೋಡಿದೆ. ಊರಿನ ಸಾಲು, ಒಂದೊಂದಾಗಿ ಹೊತ್ತಿದ ಕಿಟಕಿಗಳು, ಒಂದು ಮಗ್ಗುಲಲ್ಲಿ ಮಾವ. ಟ್ಯಾಂಕಿಗೂ ಚಿಮಣಿಗೂ ನಡುವೆ, ಎಲ್ಲಿ ಬೇಕಿತ್ತೋ ಅಲ್ಲೇ, ಚಂದ್ರ. ಓಡಿಹೋಗಿ ತೋರಿಸಿದೆ. ಮಾವ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

‘ಇದನ್ನ ಪ್ರಿಂಟ್ ಹಾಕಬೇಡ’ ಎಂದರು.

‘ಹನ್ನೊಂದು ವರ್ಷ ಕಾದಿದೀರಲ್ಲ ಮಾವ!’

‘ಆ ಅಜ್ಜನ ಮುಖದ ಮೇಲೆಲ್ಲ ಬಿದ್ದು ಬಂದ ಚಂದ್ರ ನನಗೆ ಬೇಡ ಕಣೇ.’

ಲಕೋಟೆಗೆ ಹಾಕಿ ಖಾನೆಯ ತಳದಲ್ಲಿಟ್ಟರು. ಮುಂದಿನ ಹುಣ್ಣಿಮೆಗೆ ತಾರಸಿ ಹತ್ತಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ನಾನು ಜಗಳವಾಡಿದೆ, ಗೋಗರೆದೆ. ಜಪ್ಪಯ್ಯ ಎಂದರೂ ಕೇಳಲಿಲ್ಲ. ತಪ್ಪು ಮಾಡಿದವಳು ನಾನು, ಆಸೆ ಬಿಟ್ಟವರು ಅವರು. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಆರು ವರ್ಷದ ಮೇಲೆ ಮಾವ ಹೋದರು. ಗೋಡೆಗೆ ಹಾಕಲು ಒಂದು ಫೋಟೋ ಬೇಕೆಂದು ಅತ್ತೆ ಆಲ್ಬಮ್ಮುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತರು. ಎಲ್ಲದರಲ್ಲೂ ಅದೇ ಕಲಸಿದ ನೆರಳು. ನನಗೆ ಲಕೋಟೆಯ ನೆನಪಾಯಿತು. ಅವರು ಬೇಡವೆಂದದ್ದನ್ನು ಹೇಗೆ ತೆಗೆಯಲಿ? ಮಾತಾಡಿಸಿಕೊಂಡು ಹೋಗಲು ಗಡಿಯಾರದ ಅಜ್ಜನ ಮಗಳೂ ಬಂದಿದ್ದಳು. ಆಕೆಯನ್ನು ಪಕ್ಕಕ್ಕೆ ಕರೆದು ಇದ್ದದ್ದು ಹೇಳಿದೆ.

‘ಬೇಡ ಅಂದಿದ್ದು ನಮ್ಮಪ್ಪನಿಗೋಸ್ಕರ ತಾನೇ? ನಮ್ಮಪ್ಪನ ಪರವಾಗಿ ನಾನು ಹೇಳ್ತಿದೀನಿ, ಹಾಕು’ ಎಂದಳು.

ಕತ್ತಲೆ ಕೋಣೆಯಲ್ಲಿ ಕಾಗದವನ್ನು ದ್ರಾವಣಕ್ಕೆ ಬಿಟ್ಟೆ. ಮೊದಲು ಕಟ್ಟಡಗಳು ಮೂಡಿದವು, ಆಮೇಲೆ ಮಾವನ ಭುಜ, ಕಿವಿ, ಮೂಗು. ಎಲ್ಲಕ್ಕಿಂತ ಕೊನೆಗೆ ಚಂದ್ರನ ಮೇಲಿನ ಕಲೆ.

ಒದ್ದೆ ಪ್ರಿಂಟನ್ನೇ ಅತ್ತೆಯ ಕೈಗೆ ಕೊಟ್ಟೆ. ಅವರು ಚಂದ್ರನ ಕಡೆ ನೋಡಲೇ ಇಲ್ಲ. ಕನ್ನಡಕ ಸರಿಮಾಡಿಕೊಂಡು ಮಾವನ ಮುಖದ ಹತ್ತಿರ ಬಗ್ಗಿದರು.

‘ಅಲ್ಲಾಡಿಲ್ಲ ನೋಡೇ’ ಎಂದರು.