ಅತ್ತೆಯ ಕಡಲೆಹಿಟ್ಟು, ನನ್ನ ಕುತ್ತಿಗೆ

ಫ್ರೆಂಡ್ಸ್, ನರ್ಸಿಂಗ್ ಸೇರಿ ಮೂರೇ ತಿಂಗಳಿಗೆ ನನಗೊಬ್ಬ ಪೇಷಂಟ್ ಸಿಕ್ಕಿದಳು. ಮಣಿಕೊಂಡದ ತಮ್ಮ ಮನೆಯಲ್ಲಿ ನಮ್ಮ ಸೋದರತ್ತೆ ಹನ್ನೆರಡು ವರ್ಷದ ಮಗಳ ಕಪ್ಪಾದ ಕುತ್ತಿಗೆಗೆ ಕಡಲೆಹಿಟ್ಟು ಹಚ್ಚಿ ತಿಕ್ಕುತ್ತಿದ್ದರು. ಅವಳು ಅಳುತ್ತಿದ್ದಳು.

ನಾನು ಧೈರ್ಯ ಮಾಡಿ, "ಅತ್ತೀ, ಅದು ಹೊಲಸಲ್ಲರಿ, ಕುತ್ತಿಗಿ ಹಿಂಗ ಕಪ್ಪಾದ್ರ ಶುಗರ್ ಬರೂ ಸೂಚನೆ ಇರಬಹುದು. ಇಕಿ ವೇಟ್ ಜಾಸ್ತಿ ಐತಿ, ಆಟ ಇಲ್ಲ, ಅಜ್ಜಗ ಶುಗರ್ ಐತಿ. ಎಲ್ಲಾ ರಿಸ್ಕ್ ಫ್ಯಾಕ್ಟರ್. ಟೆಸ್ಟ್ ಮಾಡಸ್ರಿ" ಎಂದೆ.

"ಹುಚ್ಚಿ, ಸಣ್ಣ ಹುಡುಗ್ಯಾರಿಗೆ ಎಲ್ಲಿ ಶುಗರ್!" ಎನ್ನುತ್ತಲೇ ಅತ್ತೆ ನನ್ನ ಜಡೆ ಎತ್ತಿ ನೋಡಿದರು. "ಅಯ್ಯ, ನಿನ್ನ ಕುತ್ತಿಗಿನೂ ಹಂಗ ಐತಲ್ಲ! ಹಾಸ್ಟೆಲ್‌ನ್ಯಾಗ ಬರೇ ಬಿಸ್ಕೀಟ್ ತಿಂತಿ. ಶುಗರ್ ಇರೂ ಅಜ್ಜ ನಿನಗೂ ಅಜ್ಜನ ಅಲ್ಲೇನು?"

ನಾಳೆ ಖಾಲಿ ಹೊಟ್ಟೆಯಲ್ಲಿ ನಮ್ಮಿಬ್ಬರಿಗೂ ಬ್ಲಡ್ ಟೆಸ್ಟ್. ಉಳಿದ ಹಿಟ್ಟು ಹಾಳಾಗಬಾರದೆಂದು ಅತ್ತೆ ಈಗ ನನ್ನನ್ನು ತಿಕ್ಕುತ್ತಿದ್ದಾರೆ. ಪೇಷಂಟ್ ನಗುತ್ತಿದ್ದಾಳೆ.