ಸೊಂಟದ ಮೇಲೆ ಗೌರಕ್ಕನ ಕೈ

ಗೌರಕ್ಕನಿಗೆ ಮಕ್ಕಳಾಗಲಿಲ್ಲ. ಆದರೂ ವಾರಕ್ಕೆ ಮೂರು ದಿನ ಬಸುರಿಯಾಗಿರುತ್ತಿದ್ದಳು. ಲಾರಿ ಟ್ಯೂಬಿಗೆ ಕಳ್ಳಭಟ್ಟಿ ತುಂಬಿ, ಸೀರೆಯೊಳಗೆ ಹೊಟ್ಟೆಗೆ ಸುತ್ತಿಕೊಂಡು, ಒಂದು ಕೈ ಸೊಂಟಕ್ಕಿಟ್ಟು ಯಲಹಂಕದ ಬಸ್ಸು ಹತ್ತುತ್ತಿದ್ದಳು. ಕಂಡಕ್ಟರೇ ಯಾರನ್ನಾದರೂ ಎಬ್ಬಿಸಿ ಸೀಟು ಕೊಡಿಸುತ್ತಿದ್ದ. "ಎಷ್ಟು ತಿಂಗಳಮ್ಮ?" ಎಂದು ಕೇಳಿದರೆ, "ಇವತ್ತೇ ಎರಿಗೆ ಕಣಪ್ಪ" ಅನ್ನುತ್ತಿದ್ದಳು.

ನಮ್ಮೂರು ಕೋಗಿಲಿನಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಒಳ್ಳೆಯವಳು ಅಂತ ನಾನೇನೂ ಹೇಳುವುದಿಲ್ಲ. ನನ್ನ ಗಂಡ ಕುಡಿದದ್ದು ಅವಳ ಟ್ಯೂಬಿನಿಂದ, ಸತ್ತದ್ದೂ ಅದರಿಂದಲೇ. ಹೆಣದ ಮುಂದೆ ಬಂದು ಕೂತಳು, ಅಳಲಿಲ್ಲ. ಹನ್ನೊಂದು ದಿನ ಅನ್ನ ಸಾರು ಹೊತ್ತು ತಂದಳು. ಮಕ್ಕಳಿಗೆ ಹಸಿವಾಗಿತ್ತು, ಬಡಿಸಿದೆ. ನಾನೂ ತಿಂದೆ.

ಆಮೇಲೆ ಊರಿಗೆ ಸರ್ಕಾರದ ಸಾರಾಯಿ ಅಂಗಡಿ ಬಂತು. ಅವಳು ಬಸುರಿಯಾಗುವುದು ಕಮ್ಮಿಯಾಯಿತು.

ಹೋದ ವರ್ಷ ನನ್ನ ಮೊಮ್ಮಗ ನವೀನ ಗಾಂಜಾಕ್ಕೆ ಬಿದ್ದ. ಕಾಲೇಜು ಬಿಟ್ಟ, ತಾಯಿಯ ಮೇಲೆ ಕೈ ಮಾಡಿದ. ಗಾಂಜಾವನ್ನೂ ಸರ್ಕಾರವೇ ಅಂಗಡಿ ಇಟ್ಟು ಮಾರಿದರೆ ಕಳ್ಳವ್ಯಾಪಾರ ನಿಲ್ಲುತ್ತದೆ ಅಂತ ಟಿವಿಯಲ್ಲಿ ಯಾರೋ ಹೇಳುತ್ತಿದ್ದರು. ನಿಜವಿದ್ದರೆ ಸಾಕು ಅನ್ನಿಸಿ ಗೌರಕ್ಕನ ಹತ್ತಿರ ಓಡಿದೆ.

"ಅಕ್ಕ, ಸಾರಾಯಿ ಅಂಗಡಿ ಬಂದಾಗ ನಿನ್ ವ್ಯಾಪಾರ ನಿಂತೋಯ್ತಲ್ಲ, ಇದೂ ಅಂಗೇ ನಿಲ್ತದಾ?"

"ಅರ್ಧ ನಿಲ್ತು. ದೊಡ್ಡೋರೆಲ್ಲ ಅಂಗಡಿ ಕಡೇನೇ ಓಗ್ಬಿಟ್ರು. ಅಂಗಡಿಯೋನು ಯಾರ್ನ ಬೈದು ವಾಪಸ್ ಕಳಿಸ್ತಿದ್ನೋ ಅವ್ರು ನನ್ನತ್ರ ಬತ್ತಿದ್ರು. ನಿನ್ ಮೊಮ್ಮಗುಂಗೆ ಎಷ್ಟು ವರ್ಷ?"

"ಹದಿನಾರು."

"ಅಂಗಾದ್ರೆ ಅವ್ನಿಗೆ ಅಂಗಡೀಲಿ ಕೊಡಲ್ಲ ಕಣೇ. ನನ್ನಂಥೋಳ ಮನೆಗೇ ಓಗ್ತಾನೆ."

ಮರುದಿನ ನಮ್ಮ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಳು. ನಾಲ್ಕನೇ ದಿನ, ನಮಗೆ ನೀರಿನ ಕ್ಯಾನ್ ತಂದುಕೊಡುವವನನ್ನು ತೋರಿಸಿದಳು. ಅವನಿಗೆ ದಿನಾ ಟೀ ಕೊಡುತ್ತಿದ್ದವಳು ನಾನು.

"ನೋಡು, ಭಾರ ಎಗಲ ಮ್ಯಾಲದೆ, ಕೈ ಸೊಂಟದ ಮ್ಯಾಲದೆ."

ಎದ್ದು ಹೋಗಿ ಅವನ ಅಂಗಿ ಎತ್ತಿ, ಪೊಟ್ಟಣ ಕಿತ್ತು ಚರಂಡಿಗೆ ಎಸೆದಳು. "ಈ ಕಸುಬು ನೀನ್ ಉಟ್ಟೋಕ್ ಮೊದ್ಲೇ ನಾನ್ ಮಾಡಿವ್ನಿ ಕಣೋ" ಅಂದಳು. ಅವನು ತಳ್ಳಿ ಓಡಿದ. ಬಿದ್ದವಳ ಸೊಂಟ ಮುರಿಯಿತು.

ಆಸ್ಪತ್ರೆಯಲ್ಲಿ ಕಡೆಯ ಸಲ ನೋಡಿದಾಗ ಅವಳು ಕೇಳಿದ್ದು ಒಂದೇ. "ಬೇರೆಯೋನು ಬಂದವ್ನಾ?"

"ಬಂದಿರ್ಬೇಕು. ನವೀನನ ಕಣ್ಣು ಇನ್ನೂ ಕೆಂಪಗೇ ಅವೆ."

"ಬತ್ತಾನೆ. ಆಗ ಟ್ಯೂಬ್ ಸಮೇತ ಸಿಕ್ಕಾಕೊಂಡು ನಾನ್ ಜೈಲಿಗೋದ ಮಾರನೇ ದಿನಾನೇ ನನ್ ಜಾಗಕ್ಕೆ ಒಬ್ಳು ಬಂದಿದ್ಲು. ಕುರ್ಚಿ ತೆಗೀಬೇಡ."

ತೆಗೆದಿಲ್ಲ. ಈಗ ಅದರಲ್ಲಿ ನಾನು ಕೂರುತ್ತೇನೆ. ಹೂವಿನವಳು, ಕೊರಿಯರಿನವನು, ಹೊಸದಾಗಿ ನೀರು ಹಾಕುವವನು, ಹಾದುಹೋಗುವ ಎಲ್ಲರ ಕೈಯನ್ನೂ ನೋಡುತ್ತೇನೆ. ಎಲ್ಲರೂ ಒಂದೇ ಥರ ನಡೆಯುತ್ತಾರೆ. ಒಳಗೆ ನವೀನ ಚಿಲಕ ಹಾಕಿಕೊಂಡಿದ್ದಾನೆ.