ದೊಡ್ಡಪ್ಪ ಹತ್ತಿ ನಿಂತ ಸ್ಟ್ಯಾಂಡುಗಳು

ನಮ್ಮ ದೊಡ್ಡಪ್ಪ ತಾನು ಮಾಡಿದ ಸ್ಟ್ಯಾಂಡಿನ ಮೇಲೆ ತಾನೇ ಹತ್ತಿ ನಿಲ್ಲದೆ ಅದನ್ನು ಯಾವ ಗಿರಾಕಿಗೂ ಕೊಟ್ಟವನಲ್ಲ.

ಅವನು ಬಡಗಿ. ಬಾಗಿಲು, ಮಂಚ ಎಲ್ಲ ಮಾಡುತ್ತಿದ್ದನಾದರೂ ಹೆಸರು ಬಂದದ್ದು ಮಾತ್ರ ಮನೆಯಲ್ಲಿ ಮೀನು ಸಾಕುವವರ ದೊಡ್ಡ ದೊಡ್ಡ ಗಾಜಿನ ತೊಟ್ಟಿಗಳಿಗೆ ಮಾಡಿಕೊಡುತ್ತಿದ್ದ ಮರದ ಸ್ಟ್ಯಾಂಡಿನಿಂದ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೆಲಸ ಮುಗಿದದ್ದೇ ತಡ, ಚಪ್ಪಲಿ ಬಿಟ್ಟು, ಸ್ಟೂಲಿನ ಮೇಲೆ ಕಾಲಿಟ್ಟು ಹತ್ತಿಬಿಡುತ್ತಿದ್ದ. ಮೂಲೆಯಿಂದ ಮೂಲೆಗೆ ನಡೆದು, ಅಂಗಾಲಿನಿಂದಲೇ ಕೇಳಿಸಿಕೊಳ್ಳುವವನಂತೆ ಸುಮ್ಮನೆ ನಿಲ್ಲುತ್ತಿದ್ದ. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ದೊಡ್ಡಮ್ಮನ ಮಂಗಳಾರತಿ ಶುರುವಾಗಿರುತ್ತಿತ್ತು.

"ಬಿದ್ದು ಸೊಂಟ ಮುರ್ಕೊಂಡ್ರೆ ನಾನಂತೂ ನೋಡ್ಕೊಳ್ಳಲ್ಲ, ಈಗ್ಲೇ ಹೇಳಿದೀನಿ!"

"ನಾನು ಬಿದ್ರೆ ಒಬ್ಬನೇ ಬೀಳ್ತೀನಿ ಕಣೇ. ತೊಟ್ಟಿ ಬಿದ್ರೆ ಮನೆಗೆ ಮನೆಯೇ ಮುಳುಗುತ್ತೆ."

ಗಿರಾಕಿಗಳ ಜೊತೆಗೂ ಅವನದು ಸದಾ ಜಟಾಪಟಿ. ಜನ ಮೀನಿನ ಬಣ್ಣಕ್ಕೆ ಮರುಳಾಗಿ ತೊಟ್ಟಿ ತಂದುಬಿಡುತ್ತಾರೆ, ಅದನ್ನು ಇಡುವುದೆಲ್ಲಿ ಅನ್ನುವ ಯೋಚನೆ ಆಮೇಲೆ. ಟಿವಿ ಮೇಜು ಇದೆಯಲ್ಲ, ಸಾಕು ಎನ್ನುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ಟಿವೀಲಿ ಸಮುದ್ರಾನೇ ತೋರಿಸಿದ್ರೂ ಅದು ತೂಗಲ್ಲ ಸ್ವಾಮಿ. ಇದು ನಿಜವಾದ ನೀರು. ತುಂಬಿದ್ಮೇಲೆ ಮನೆಯವರೆಲ್ಲ ಸೇರಿದ್ರೂ ಒಂದಿಂಚು ಸರಿಸೋಕಾಗಲ್ಲ." ಕಾಲುಗಳು ತೊಟ್ಟಿಯ ಮೂಲೆಗಳ ಕೆಳಗೇ ನೆಟ್ಟಗಿರಬೇಕು, ಭಾರ ಮರದಿಂದ ಮರಕ್ಕೆ ಇಳಿದು ನೆಲ ಸೇರಬೇಕು, ಸ್ಕ್ರೂಗಳ ಮೇಲೆ ನೇತಾಡಬಾರದು ಎಂದು ಅವನ ಪಾಠ. ಬೆನ್ನಿಗೆ ಮೂಲೆಯಿಂದ ಮೂಲೆಗೆ ಒಂದು ಓರೆಪಟ್ಟಿ ಇಲ್ಲದಿದ್ದರೆ ಅದು ಸ್ಟ್ಯಾಂಡೇ ಅಲ್ಲ. "ಸ್ವಲ್ಪ ತೆಳ್ಳಗೆ, ಸ್ಟೈಲಾಗಿ ಮಾಡಿ ಮೇಸ್ತ್ರಿ" ಎಂದು ಯಾರಾದರೂ ರಾಗ ಎಳೆದರೆ, "ಸ್ಟೈಲು ಮೀನು ಮಾಡುತ್ತೆ, ಬಿಡಿ" ಎನ್ನುತ್ತಿದ್ದ. ಆಗ ಶೆಡ್ಡಿನಲ್ಲಿ ಏಳುತ್ತಿದ್ದ ನಗು ಈಗ ಎಲ್ಲಿ ಸಿಗಬೇಕು ಹೇಳಿ.

ಒಮ್ಮೆ ಬೀದಿಯ ಕೊನೆಯ ಸಲೂನಿನವನು ತನ್ನ ಮನೆಗೆಂದು ಗೋಡೆಯುದ್ದದ ತೊಟ್ಟಿ ತಂದ. ದೊಡ್ಡಪ್ಪ ಸ್ಟ್ಯಾಂಡ್ ಮುಗಿಸಿ ಎಂದಿನಂತೆ ಹತ್ತಿದ. ಹತ್ತಿದವನ ಮುಖ ಸಪ್ಪಗಾಯಿತು.

"ಅಲ್ಲಾಡ್ತಿದೆ," ಎಂದ.

ಅಪ್ಪನೂ ನಾನೂ ಹಿಡಿದು ಜಗ್ಗಿದೆವು. ಕಂಬದ ಹಾಗೆ ನಿಂತಿತ್ತು. ರಸಮಟ್ಟ ಇಟ್ಟು ನೋಡಿದರೆ ಅದರ ಗುಳ್ಳೆ ನಟ್ಟನಡುವೆ. ಆದರೂ ಅವನು ಎಲ್ಲ ಬಿಚ್ಚಿದ, ಕೀಲುಗಳನ್ನು ಹೊಸದಾಗಿ ಕೊರೆದ, ಮತ್ತೆ ಕೂಡಿಸಿ ಹತ್ತಿದ. ಅದೇ ನಡುಕ. ಪುನಃ ಬಿಚ್ಚಿದ. ಸಲೂನಿನವನು ದಿನಾ ಬಂದು ಇಣುಕುತ್ತಿದ್ದ. ಅವನ ಮೀನುಗಳು ಪಾಪ ಬಕೆಟ್ಟಿನಲ್ಲೇ ಸಂಸಾರ ಹೂಡಿದ್ದವು.

"ನನ್ನ ಕೈ ಹೋಯ್ತು," ಎಂದ ದೊಡ್ಡಪ್ಪ ಊಟಕ್ಕೆ ಕೂತಾಗ. "ಇನ್ನೊಂದ್ಸಲ ನೋಡ್ತೀನಿ. ಆಗ್ಲೂ ಅಲ್ಲಾಡಿದ್ರೆ ಶೆಡ್ಡಿಗೆ ಬೀಗ."

ಬಾಯಿಮಾತಿಗೆ ಹೇಳುವ ಆಸಾಮಿಯಲ್ಲ ಅವನು. ಉಳಿಗಳಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಯೂ ಇಟ್ಟಿದ್ದ. ಕೆಲಸವಿಲ್ಲದೆ ಜಗಲಿಯಲ್ಲಿ ಕೂತ ದೊಡ್ಡಪ್ಪನನ್ನು ಊಹಿಸಿಕೊಳ್ಳಲೂ ನನಗಾಗಲಿಲ್ಲ. ಅವನೊಬ್ಬನನ್ನು ಬಿಟ್ಟು ನಮಗೆಲ್ಲರಿಗೂ ಗೊತ್ತಿತ್ತು: ನಡುಗುತ್ತಿದ್ದದ್ದು ಸ್ಟ್ಯಾಂಡಲ್ಲ, ಅವನ ಮಂಡಿ. ನೆಲದ ಮೇಲೆ ನಿಂತಾಗಲೂ ಅವನ ಪ್ಯಾಂಟು ಅದುರುವುದು ಕಾಣುತ್ತಿತ್ತು. ಆದರೆ ಅವನ ಮುಂದೆ ಬಾಯಿ ಬಿಡುವವರು ಯಾರು? ಅಪ್ಪ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ.

ಮಾರನೆಯ ದಿನ ಅವನು ಸ್ಟ್ಯಾಂಡ್ ಹತ್ತಿ, "ನೋಡಿ, ಮತ್ತೆ ಅಲ್ಲಾಡ್ತಿದೆ," ಎಂದಾಗ ದೊಡ್ಡಮ್ಮ ಅಡುಗೆಮನೆಯಿಂದ ಅಗಲವಾದ ಸ್ಟೀಲ್ ಪಾತ್ರೆಯೊಂದನ್ನು ಹಿಡಿದು ಬಂದಳು. ಅಂಚಿನವರೆಗೂ ನೀರು. ಅದನ್ನು ಅವನ ಪಾದದ ಪಕ್ಕದಲ್ಲೇ ಮೆಲ್ಲಗೆ ಇಟ್ಟಳು. ಬೈಗುಳವಿಲ್ಲ, ಗೊಣಗಾಟವಿಲ್ಲ. ಇಟ್ಟಾಗ ಎದ್ದ ಅಲೆ ಅಡಗಿತು. ಆಮೇಲೆ ನೀರು ಕದಲಲಿಲ್ಲ.

ದೊಡ್ಡಪ್ಪ ನೀರನ್ನೇ ನೋಡಿದ. ನಿಧಾನವಾಗಿ ತನ್ನ ಮಂಡಿಗಳ ಕಡೆ ಕಣ್ಣು ತಂದ.

"ಅಲ್ಲಾಡ್ತಿರೋದು ಸ್ಟ್ಯಾಂಡ್ ಅಲ್ಲ," ಎಂದ.

"ಅಲ್ಲ ರೀ."

"ಯಾವಾಗಿಂದ?"

"ಬಹಳ ದಿನ ಆಯ್ತು."

ಅವನು ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಹಾಗಾದ್ರೆ ಕೈ ಸರಿಯಾಗೇ ಇದೆ," ಎಂದವನ ಕಣ್ಣು ತುಂಬಿತು. ನಾನು ಅತ್ತೇಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ.

ದೊಡ್ಡಮ್ಮನ ಹೆಗಲು ಹಿಡಿದು ಅವನು ಕೆಳಗಿಳಿದ. ಅವನಿಳಿದ ಸ್ಟೂಲಿನ ಮೇಲೆ ಅವಳು ಕಾಲಿಟ್ಟಳು.

"ಏ, ಏನ್ ಮಾಡ್ತಿದ್ದೀಯ?"

"ಯಾರಾದ್ರೂ ನಿಂತು ನೋಡ್ಬೇಕಲ್ಲ. ಹೇಳಿ, ಯಾವ ಮೂಲೆಯಿಂದ ನಡೀಲಿ?"

ಶೆಡ್ಡಿಗೆ ಬೀಗ ಬೀಳಲಿಲ್ಲ. ಸಲೂನಿನವನ ಮೀನುಗಳು ಅಂದೇ ಹೊಸ ಮನೆ ಸೇರಿದವು. ಅದಾದ ಮೇಲೂ ಎಷ್ಟೋ ವರ್ಷ ದೊಡ್ಡಪ್ಪ ಸ್ಟ್ಯಾಂಡ್ ಮಾಡಿದ, ದೊಡ್ಡಮ್ಮ ಹತ್ತಿ ನಿಂತಳು. ಅವನು ಕೆಳಗಿನಿಂದ ಕೇಳುತ್ತಿದ್ದ, ಅವಳು ಮೇಲಿನಿಂದ ಹೇಳುತ್ತಿದ್ದಳು, ಇಬ್ಬರೂ ಜಗಳವಾಡಿಕೊಂಡೇ ಒಪ್ಪುತ್ತಿದ್ದರು. ನಮ್ಮ ಮನೆಯ ಚೆಂದದ ದಿನಗಳು ಅವೇ.

ದೊಡ್ಡಮ್ಮ ತೀರಿಕೊಂಡ ಮೇಲೂ ಗಿರಾಕಿಗಳು ಬಂದರು. ಮರ ಇತ್ತು, ಉಳಿ ಇತ್ತು, ಕೈಯೂ ಸರಿಯಾಗಿಯೇ ಇತ್ತು. ದೊಡ್ಡಪ್ಪ ಮತ್ತೊಂದು ಸ್ಟ್ಯಾಂಡ್ ಮಾಡಲಿಲ್ಲ.